ಮಾವನ ಡಬ್ಬ ಮತ್ತು ಯೆಜ್ಡಿಯ ಸದ್ದು

ಮಂಡ್ಯದಲ್ಲಿದ್ದ ನನ್ನ ಸೋದರಮಾವ ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತೆ ನನ್ನನ್ನು ಕರೆಸಿ, ಹಿತ್ತಿಲ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದಿಸಿ ನಿಲ್ಲಿಸಿದ್ದ ಯೆಜ್ಡಿ ಗಾಡಿಯನ್ನೂ ಅದರ ಪಕ್ಕದ ಗೂಡಿನಲ್ಲಿದ್ದ ತಗಡಿನ ಬಿಸ್ಕತ್ತು ಡಬ್ಬವನ್ನೂ ನನಗೆ ಒಪ್ಪಿಸಿದರು. “ಗಾಡೀನಾದ್ರೂ ಯಾರಿಗಾದ್ರೂ ಕೊಡ್ತಿದ್ರು, ಈ ಡಬ್ಬ ಮಾತ್ರ ಮುಟ್ಟಕ್ಕೆ ಬಿಡ್ತಿರಲಿಲ್ಲ ಕಣಪ್ಪ. ಎರಡನ್ನೂ ನೀನೇ ಇಟ್ಕೊ” ಎಂದರು. ಡಬ್ಬದ ಮುಚ್ಚಳ ತೆಗೆದಾಗ ಗ್ರೀಸಿನ ಹಳೆಯ ವಾಸನೆ ಬಂತು. ಒಳಗೆ ಅರವತ್ತಕ್ಕೂ ಹೆಚ್ಚು ಸಾಮಾನುಗಳಿದ್ದವು. ಅವುಗಳಲ್ಲಿ ನನಗೆ ಹೆಸರು ಗೊತ್ತಿದ್ದವು ಹತ್ತೋ ಹನ್ನೆರಡೋ ಇರಬಹುದು.

ಮಾವ ಮಂಡ್ಯದ ಮೈಷುಗರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕಬ್ಬು ಅರೆಯುವ ಕಾಲದಲ್ಲಿ ಯಂತ್ರಗಳು ಹಗಲೂ ರಾತ್ರಿಯೂ ಓಡುತ್ತಿರುವಾಗ, ಮೊಳದುದ್ದದ ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮನೆಗೆ ಆನಿಸಿ ಇನ್ನೊಂದು ತುದಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುವುದು ಅವರ ಕೆಲಸದ ಒಂದು ಭಾಗವೇ ಆಗಿತ್ತೆಂದು ಅವರೇ ಹೇಳುತ್ತಿದ್ದರು. ಮನೆಯಲ್ಲಿಯೂ ಅದೇ ಅಭ್ಯಾಸ ಇತ್ತು. ಪಕ್ಕದ ಗದ್ದೆಯ ಪಂಪ್‌ಸೆಟ್ಟಿನ ಸದ್ದು ತುಸು ಬದಲಾದರೆ ಸಾಕು, ಫುಟ್‌ವಾಲ್ವು ಗಾಳಿ ಎಳೆಯುತ್ತಿದೆ ಎಂದು ಊಟದ ಎಲೆಯ ಮುಂದೆ ಕುಳಿತಲ್ಲಿಂದಲೇ ಹೇಳಿಬಿಡುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಶಬ್ದವು ಗಾಳಿಗಿಂತ ಉಕ್ಕಿನಲ್ಲಿ ಹದಿನೈದು ಪಟ್ಟಿನಷ್ಟು ವೇಗವಾಗಿ ಚಲಿಸುತ್ತದೆ ಎಂದು ಮಕ್ಕಳಿಗೆ ವರ್ಷಗಳಿಂದ ಪಾಠ ಹೇಳುತ್ತಾ ಬಂದಿದ್ದರೂ ಆ ಮಾತನ್ನು ಕಿವಿಯಾರೆ ಪರೀಕ್ಷಿಸಿ ನೋಡುವ ಸಂದರ್ಭ ಒದಗಿದ್ದು ಈ ಗಾಡಿ ಮನೆಗೆ ಬಂದ ಮೇಲೆಯೇ.

ಗಾಡಿ 1979ರ ಯೆಜ್ಡಿ 250. ಮೈಸೂರಿನವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಆದರೂ ಹೊಸ ತಲೆಮಾರಿನ ಓದುಗರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ವಿನ್ಯಾಸದ ಮೇಲೆ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿತು. ಮುಂದೆ ಅವೇ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 65 ಮಿಲಿಮೀಟರ್ ಬೋರು (ಸಿಲಿಂಡರಿನ ಒಳಗಿನ ಅಗಲ), 75 ಮಿಲಿಮೀಟರ್ ಸ್ಟ್ರೋಕು (ಅದರೊಳಗೆ ಪಿಸ್ಟನ್ನು ಓಡುವ ದೂರ), ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು, ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಬೆರೆಸಿ ಹಾಕಬೇಕಾದ ಟೂ ಸ್ಟ್ರೋಕ್ ಎಂಜಿನ್ನು, ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿ ಗೇರು ಹಾಕುವ ಏರ್ಪಾಡು, ಇವು ಅದರ ಗುರುತುಗಳು. ವಾಲ್ವಿಲ್ಲ, ಅದನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟಿಲ್ಲ, ಟ್ಯಾಪೆಟ್ಟಿಲ್ಲ. ಆದ್ದರಿಂದ ಸದ್ದು ಬರಬಹುದಾದ ಜಾಗಗಳೂ ಬೇರೆ ಎಂಜಿನ್ನುಗಳಿಗಿಂತ ಕಡಿಮೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ ಎಂದು ನನಗೆ ಈಗ ಅನ್ನಿಸುತ್ತದೆ.

ಪಾಯಿಂಟು ಉಜ್ಜಿ, ಪ್ಲಗ್ಗು ಬದಲಾಯಿಸಿ, ಕಾರ್ಬುರೇಟರ್ ತೊಳೆದು, ಹೊಸ ಟೈರು ಟ್ಯೂಬು ಹಾಕಿಸಿ ಗಾಡಿಯನ್ನು ಮಂಡ್ಯದಿಂದ ಮೈಸೂರಿಗೆ ಓಡಿಸಿಕೊಂಡು ಬಂದೆ. ಓಡುವಾಗ ಯಾವ ತೊಂದರೆಯೂ ಕಾಣಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ವೇಗ ತಗ್ಗಿಸಿ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿದಾಗ, ಮಕ್ಕಳು ಕಿಟಕಿಯ ಸರಳುಗಳ ಮೇಲೆ ಕೋಲು ಎಳೆದುಕೊಂಡು ಹೋದಂತೆ ಕಟಕಟಕಟ ಎಂಬ ಸದ್ದು ಕಾಲಿನ ಹತ್ತಿರ ಕೇಳಿಸಿತು. ಆಕ್ಸಿಲರೇಟರ್ ತುಸು ತಿರುವಿದರೆ ನಿಂತಿತು, ಬಿಟ್ಟರೆ ಮತ್ತೆ ಬಂತು. ಮಾರನೆಯ ದಿನ ಒಂದು ಗ್ಯಾರೇಜಿಗೆ ತೋರಿಸಿದೆ. ಅಲ್ಲಿಯ ಮೆಕ್ಯಾನಿಕ್ ಒಂದು ಸಲ ಕಿಕ್ ಹೊಡೆದು, ಹತ್ತು ಎಣಿಸುವಷ್ಟು ಹೊತ್ತು ಕೇಳಿ, “ಬೋರ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು, ರಿಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕ್ಬೇಕು” ಎಂದರು. ಅದಕ್ಕೆ ಅವರು ಹೇಳಿದ ಮೊತ್ತ ನನ್ನ ಅರ್ಧ ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಹಣದ ಮಾತು ಹಾಗಿರಲಿ, ಒಮ್ಮೆ ರಿಬೋರ್ ಮಾಡಿದರೆ ಸಿಲಿಂಡರಿನ ಎರಕದ ಕಬ್ಬಿಣವನ್ನು ಕೆರೆದು ತೆಗೆದಂತೆಯೇ, ಅದು ಹಿಂತಿರುಗಿ ಬರುವುದಿಲ್ಲ. ಪ್ರತಿ ಸಲ ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಹಿಗ್ಗಿಸುತ್ತಾ ಹೋದರೆ ಕೆಲವು ಸಲದಲ್ಲೇ ಸಿಲಿಂಡರಿನ ಆಯುಷ್ಯ ಮುಗಿಯುತ್ತದೆ. ಕಾರ್ಖಾನೆಯೇ ಇಲ್ಲದ ಗಾಡಿಗೆ ಇಂಥ ಕೆಲಸವನ್ನು ಹತ್ತು ಎಣಿಸುವಷ್ಟರಲ್ಲಿ ನಿರ್ಧರಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನಮ್ಮ ಬಡಾವಣೆಯ ಹಿಂದಿನ ರಸ್ತೆಯಲ್ಲಿ, ಯಾದವಗಿರಿಯ ಆ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರಿದ್ದಾರೆ. ಅವರನ್ನು ನಾವೆಲ್ಲ ಯಜಮಾನರೇ ಎಂದು ಕರೆಯುತ್ತೇವೆ. ನಾನು ಹೋಗಿ, ಬೋರ್ ಹೋಗಿದೆಯಂತೆ ಎಂದಾಗ ಅವರು ಗಾಡಿ ನೋಡಲು ಏಳಲೂ ಇಲ್ಲ. “ಮೇಷ್ಟ್ರೇ, ಏನ್ ಸದ್ದು ಅನ್ನೋದನ್ನ ಆಮೇಲ್ ನೋಡೋಣ. ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ, ಅದನ್ನ ಮೊದಲು ಹೇಳಿ” ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಗಾಡಿ ಓಡಿಸಿ ಬರೆದುಕೊಂಡು ಬನ್ನಿ ಎಂದು ಕಳಿಸಿದರು. ಆ ವಾರ ನಾನು ಬರೆದುಕೊಂಡ ನೋಟ್‌ಬುಕ್ಕಿನಿಂದಲೇ ಈ ಬರಹ ಹುಟ್ಟಿದೆ.

ಅವರು ಕೇಳಿದ ಪ್ರಶ್ನೆಗಳ ಕ್ರಮ ಹೀಗಿತ್ತು. ಗಾಡಿ ನಿಂತಿದ್ದಾಗಲೂ ಸದ್ದು ಬರುತ್ತದೆಯೋ, ಓಡುವಾಗ ಮಾತ್ರವೋ? ನಿಂತಿದ್ದಾಗಲೂ ಬಂದರೆ ಅದು ಎಂಜಿನ್ನಿನದು. ಓಡುವಾಗ ಮಾತ್ರ ಬಂದು, ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಮೆಲ್ಲಗೆ ಬಿಟ್ಟಾಗಲೂ ಉಳಿದರೆ ಅದು ಚಕ್ರದ್ದೋ ಚೈನಿನದೋ ಇರಬೇಕು. ಯೆಜ್ಡಿಯ ಹಿಂದಿನ ಚೈನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಹೋಗಿರುವುದರಿಂದ, ಅದು ಸಡಿಲವಾಗಿ ತಗಡಿಗೆ ಬಡಿದರೆ ಕೇಳುವವರಿಗೆ ಎಂಜಿನ್ನೇ ಒಡೆದುಹೋಗುತ್ತಿದೆ ಎನ್ನಿಸುವಷ್ಟು ಜೋರಾಗಿ ಕೇಳಿಸುತ್ತದೆ. ಎರಡನೆಯದಾಗಿ, ನ್ಯೂಟ್ರಲ್ಲಿನಲ್ಲಿ ಕ್ಲಚ್ ಹಿಡಿದರೆ ಸದ್ದು ಬದಲಾಗುತ್ತದೆಯೋ? ಕ್ಲಚ್ ಹಿಡಿದಾಗ ಗೇರ್‌ಬಾಕ್ಸಿನ ಮುಖ್ಯ ಶಾಫ್ಟು ನಿಲ್ಲುತ್ತದೆ. ಆಗ ಸದ್ದೂ ನಿಂತರೆ ದೋಷ ಗೇರ್‌ಬಾಕ್ಸಿನ ಕಡೆಗಿದೆ, ನಿಲ್ಲದಿದ್ದರೆ ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಕ್ರ್ಯಾಂಕಿನ ಕಡೆಗೆ ಅಥವಾ ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಕಡೆಗಿದೆ. ಮೂರನೆಯದು, ಬೆಳಿಗ್ಗೆ ತಣ್ಣಗಿದ್ದಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ? ನಾಲ್ಕನೆಯದು, ಎಂಜಿನ್ನಿಗೆ ಭಾರ ಬಿದ್ದಾಗ ಹೆಚ್ಚೋ, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚೋ?

ಈ ನಾಲ್ಕೇ ಪ್ರಶ್ನೆಗಳಿಗೆ ನಿಜವಾದ ಉತ್ತರ ಸಿಕ್ಕರೆ ಒಂದು ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳದೆ ಮುಕ್ಕಾಲು ಪಾಲು ಸಂಶಯಗಳನ್ನು ಬದಿಗೆ ಸರಿಸಬಹುದು. ಸದ್ದನ್ನು ಬರಿಯ ಸದ್ದಾಗಿ ಕೇಳಿದರೆ ನಮ್ಮಂಥವರ ಕಿವಿಗೆ ಎಲ್ಲವೂ ಒಂದೇ. ಟಕಟಕ, ಕಟಕಟ, ಲೊಟಲೊಟ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಆದರೆ ಸದ್ದು ಬರುವ ಹೊತ್ತನ್ನು ಕುರಿತು ಯಾರ ಕಿವಿಯೂ ಮೋಸ ಹೋಗುವುದಿಲ್ಲ.

ಉದಾಹರಣೆಗೆ, ಗ್ಯಾರೇಜಿನವರು ಹೇಳಿದ ಬೋರಿನ ಸದ್ದನ್ನೇ ತೆಗೆದುಕೊಳ್ಳಿ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಸವೆತದಿಂದ ಸಂದು ಹೆಚ್ಚಾದಾಗ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು ಓರೆಯಾಗುವ ಪ್ರತಿ ಸಲವೂ ಪಿಸ್ಟನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ವಾಲಿ ಬಡಿಯುತ್ತದೆ. ಆದರೆ ಪಿಸ್ಟನ್ನು ಅಲ್ಯೂಮಿನಿಯಂನದು, ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣದ್ದು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿ ಕೇಳಿಸುವ ಈ ಬಡಿತ, ನಾಲ್ಕೈದು ನಿಮಿಷ ಓಡಿ ಬಿಸಿಯಾದ ಮೇಲೆ ಸಂದು ಮುಚ್ಚಿಕೊಂಡು ತಗ್ಗುತ್ತದೆ. ನನ್ನ ಗಾಡಿಯ ಸದ್ದು ಬೆಳಿಗ್ಗೆ ಎಷ್ಟಿತ್ತೋ, ಹಿನಕಲ್‌ವರೆಗೆ ಹೋಗಿ ಬಂದ ಮೇಲೂ ಅಷ್ಟೇ ಇತ್ತು. ಹಾಗಿದ್ದ ಮೇಲೆ ಬೋರಿನ ಮೇಲೆ ತಪ್ಪು ಹೊರಿಸಲು ಆಧಾರವೇ ಇರಲಿಲ್ಲ.

ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಕೂರುವ ಜಾಗದ ಬೇರಿಂಗ್ ಹೋದಾಗ ಬರುವುದು ಭಾರವಾದ ಗುದ್ದು. ಒನಕೆಯ ಪೆಟ್ಟು ದೂರದಿಂದ ಕೇಳಿಸಿದಂತಿರುತ್ತದೆ. ಇಬ್ಬರು ಕುಳಿತು ಮೂರನೇ ಗೇರಿನಲ್ಲಿ ಎಳೆಸಿದಾಗ ಅದು ಹೆಚ್ಚುತ್ತದೆ. ಇದನ್ನು ನಿರ್ಲಕ್ಷಿಸಿ ಓಡಿಸಿದರೆ ರಾಡು ಮುರಿದು ಕ್ರ್ಯಾಂಕ್‌ಕೇಸನ್ನೇ ಸೀಳಬಹುದು, ಆದ್ದರಿಂದ ಈ ಒಂದು ಸದ್ದಿನ ಅನುಮಾನ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿಬಿಡಬೇಕು. ಸಿಲಿಂಡರ್ ಕಳಚಿದಾಗ ಪರೀಕ್ಷಿಸುವುದು ಸುಲಭ. ಪಿಸ್ಟನ್ನನ್ನು ಮೇಲಕ್ಕೆ ತಂದು ರಾಡನ್ನು ಹಿಡಿದು ನೇರವಾಗಿ ಮೇಲಕ್ಕೂ ಕೆಳಕ್ಕೂ ಅಲುಗಿಸಬೇಕು. ಅಕ್ಕಪಕ್ಕಕ್ಕೆ ಅಲುಗಾಡುವುದು ಸಹಜ, ಮೇಲೆ ಕೆಳಗೆ ಸ್ವಲ್ಪವೂ ಆಡಕೂಡದು. ಸ್ಮಾಲ್ ಎಂಡ್, ಎಂದರೆ ರಾಡಿನ ಮೇಲ್ತುದಿಯಲ್ಲಿ, ಪಿಸ್ಟನ್ನನ್ನು ರಾಡಿಗೆ ಹಿಡಿಸುವ ಗಜನ್ ಪಿನ್ನು ಕೂರುವ ಬುಷ್ ಸವೆದರೆ ಸದ್ದು ತೆಳುವಾಗಿ, ಬಟ್ಟಲಿಗೆ ಚಮಚದಿಂದ ತಟ್ಟಿದಂತಿರುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ ಪಿಸ್ಟನ್ನನ್ನು ಕೆಳಗೆ ಒತ್ತುತ್ತಿರುವುದರಿಂದ ಎಳೆತದಲ್ಲಿ ಆ ಸಂದು ಒಂದೇ ಕಡೆಗೆ ಅದುಮಿಕೊಂಡು ಸುಮ್ಮನಿರುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಾಯಿ ಬಿಡುತ್ತದೆ. ಕ್ರ್ಯಾಂಕನ್ನು ಹೊತ್ತಿರುವ ಮೈನ್ ಬೇರಿಂಗುಗಳ ಗುರುಗುರು ಕಿವಿಗಿಂತ ಮೊದಲು ಅಂಗಾಲಿಗೆ ಫುಟ್‌ರೆಸ್ಟಿನ ಮೂಲಕ ತಿಳಿಯುತ್ತದೆ.

ಇನ್ನೊಂದು ಸದ್ದಿದೆ. ಅದು ಯಾವ ಬಿಡಿಭಾಗದ್ದೂ ಅಲ್ಲ, ಬೆಂಕಿಯದು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹೆಚ್ಚಿನ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುವಿ ಹತ್ತಿಸಿದರೆ, ತಗಡಿನ ಡಬ್ಬದಲ್ಲಿ ಒಣ ಹುಣಸೆಬೀಜ ಹಾಕಿ ಅಲ್ಲಾಡಿಸಿದಂತೆ ಚಿಟಚಿಟ ಎಂದು ಕೇಳಿಸುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಪ್ಲಗ್ಗಿನಿಂದ ಕ್ರಮವಾಗಿ ಉರಿಯುತ್ತಾ ಬರುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದೇ ಇದಕ್ಕೆ ಕಾರಣ. ಪ್ಲಗ್ಗು ಕಿಡಿ ಹೊಡೆಯುವ ಟೈಮಿಂಗ್ ಮುಂದಾಗಿರುವುದು, ಹೆಡ್ಡಿನಲ್ಲಿ ಮಸಿ ಗಟ್ಟಿಯಾಗಿ ಕೂತಿರುವುದು, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿರುವುದು, ಇವು ಅದರ ಹಿಂದಿರುತ್ತವೆ. ಇದನ್ನು ಟ್ಯಾಪೆಟ್ ಸದ್ದು ಎಂದು ಹೇಳಿದವರನ್ನೂ ನಾನು ಕಂಡಿದ್ದೇನೆ, ಈ ಗಾಡಿಗೆ ಟ್ಯಾಪೆಟ್ಟೇ ಇಲ್ಲ. ಮಿಶ್ರಣ ತೆಳುವಾಗುವುದಕ್ಕೆ ಟೂ ಸ್ಟ್ರೋಕಿನಲ್ಲಿ ಕಣ್ಣಿಗೆ ಕಾಣದ ಕಾರಣವೊಂದಿದೆ. ಡೈನಮೋ ಕಡೆಯ ಕ್ರ್ಯಾಂಕ್ ಆಯಿಲ್ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟರೆ ಅಲ್ಲಿಂದ ಹೊರಗಾಳಿ ಒಳಗೆ ನುಗ್ಗುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್‌ಬಾಕ್ಸಿನ ಆಯಿಲ್ಲನ್ನೇ ಎಂಜಿನ್ನು ಎಳೆದುಕೊಂಡು ಸುಟ್ಟು, ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಉಗುಳುತ್ತದೆ.

ಕೇಳಿಸುವ ಎಲ್ಲ ಸದ್ದೂ ರೋಗವಲ್ಲ ಎಂಬುದನ್ನೂ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನು ನಿಂತಲ್ಲಿ ಓಡುವಾಗ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಉಳಿಯುವುದರಿಂದ ಪ್ರತಿ ಸುತ್ತಿಗೂ ಉರಿಯುವುದಿಲ್ಲ. ಒಂದು ಬಿಟ್ಟು ಒಂದು, ಕೆಲವೊಮ್ಮೆ ಎರಡು ಬಿಟ್ಟು ಒಂದು ಎಂಬಂತೆ ತಪ್ಪಿ ತಪ್ಪಿ ಹೊಡೆದುಕೊಳ್ಳುತ್ತದೆ. ಹೊಸ ಗಾಡಿಗಳ ಸಮಶ್ರುತಿಗೆ ಒಗ್ಗಿದವರು ಇದನ್ನು ದೋಷವೆಂದು ತಿಳಿದು ಕಾರ್ಬುರೇಟರಿನ ತಿರುಪುಗಳನ್ನು ತಿರುಗಿಸತೊಡಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆಯೇ ಎಂಜಿನ್ನಿನ ಮೇಲೆ ಸಂಶಯ ಪಡುವ ಮೊದಲು ನಂಬರ್ ಪ್ಲೇಟು, ಮಡ್‌ಗಾರ್ಡಿನ ಕಂಬಿ, ಸ್ಟ್ಯಾಂಡಿನ ಸ್ಪ್ರಿಂಗು, ಟೂಲ್ ಬಾಕ್ಸಿನ ಮುಚ್ಚಳ, ಸೈಲೆನ್ಸರಿನ ಒಳಗಿನ ಕೊಳವೆ ಇವನ್ನು ಒಂದೊಂದಾಗಿ ಕೈಯಿಂದ ಒತ್ತಿ ಹಿಡಿದು ನೋಡುವುದು ಒಳ್ಳೆಯದು. ಸೈಲೆನ್ಸರ್ ಮಾತ್ರ ತಣ್ಣಗಿದ್ದಾಗ ಮುಟ್ಟಬೇಕು.

ವಾರ ಕಳೆದು ನಾನು ನೋಟ್‌ಬುಕ್ಕು ಹಿಡಿದುಕೊಂಡು ಹೋದಾಗ ಯಜಮಾನರು ಓದಿ, “ಕ್ಲಚ್ ಹಿಡಿದ್ರೂ ಇದೆ, ಬಿಸಿಯಾದ್ರೂ ಇದೆ, ಸ್ವಲ್ಪ ರೈಸ್ ಮಾಡಿದ್ರೆ ಹೋಗುತ್ತೆ. ನಡೀರಿ, ಈಗ ಕೇಳೋಣ” ಎಂದು ಎದ್ದರು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಅವರೇ ತಂದಿದ್ದರು. ಗಾಡಿಯನ್ನು ಮನೆಯ ಹೊರಗೆ ಬಯಲಲ್ಲಿ ನಿಲ್ಲಿಸಿ, ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ವಿಷದ ಹೊಗೆ ತುಂಬಿಕೊಳ್ಳುತ್ತದೆ ಎಂದು ಎಚ್ಚರಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಮೊದಲು ಹೆಡ್ಡಿನ ಬೋಲ್ಟಿಗೆ, ಆಮೇಲೆ ಸಿಲಿಂಡರಿನ ಬುಡಕ್ಕೆ, ಬಲಗಡೆಯ ಡೈನಮೋ ಪಕ್ಕದ ಕೇಸಿಗೆ, ಕೊನೆಗೆ ಎಡಗಡೆಯ ಕ್ಲಚ್ ಕವರಿನ ಒಂದೊಂದು ತಿರುಪಿಗೂ ಆನಿಸಿ ನನ್ನ ಕಿವಿಗೆ ಹಿಡಿಸಿದರು. ತೆಳುವಾದ ಕವರಿನ ನಡುವೆ ಇಡಬಾರದು, ಅದು ತಮಟೆಯಂತೆ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ, ಯಾವಾಗಲೂ ತಿರುಪಿನ ತಲೆಯ ಮೇಲೋ ಬೇರಿಂಗ್ ಕೂತಿರುವ ದಪ್ಪ ಎರಕದ ಮೇಲೋ ಇಡಬೇಕು ಎಂದರು. ಹೆಡ್ಡಿನ ಮೇಲೆ ಇಟ್ಟಾಗ ಪ್ಲಗ್ಗಿನ ಹೊಡೆತ ಶುದ್ಧವಾಗಿ ಕೇಳಿಸಿತು. ಬಲಗಡೆ ಸೌಮ್ಯವಾದ ಗುಂಯ್ ಎಂಬ ನಾದವಿತ್ತು. ಎಡಗಡೆಯ ಮೇಲಿನ ತಿರುಪಿಗೆ ತಾಗಿಸಿದ ಕೂಡಲೇ, ಕಿವಿಯೊಳಗೇ ಯಾರೋ ಚೈನನ್ನು ಕಲ್ಲಿನ ಮೇಲೆ ಎಳೆದಂತೆ ಕಟಕಟಕಟ ಎಂದು ಬಡಿಯಿತು. ಮಾವನ ಕಬ್ಬಿಣದ ಸರಳು ನನಗೆ ನೆನಪಾದದ್ದು ಆಗ.

ಪ್ರೈಮರಿ ಚೈನು ಎಂದು ಯಜಮಾನರು ತೀರ್ಮಾನಿಸಿದರು. ಕ್ರ್ಯಾಂಕಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ಟಿನಿಂದ ಕ್ಲಚ್ ಡ್ರಮ್ಮಿಗೆ ಹೋಗುವ ಈ ಚೈನಿಗೆ ಬಿಗಿ ಮಾಡುವ ಟೆನ್ಷನರ್ ಇಲ್ಲ, ಎರಡು ಶಾಫ್ಟುಗಳ ಅಂತರ ಎರಕದಲ್ಲೇ ನಿಗದಿಯಾದದ್ದು. ಸವೆದು ಉದ್ದವಾದಾಗ ನಿಂತಲ್ಲಿ ಎಂಜಿನ್ನು ತಪ್ಪಿ ತಪ್ಪಿ ಹೊಡೆಯುವ ಹೊತ್ತಿಗೆ ಚೈನು ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲಾಗುತ್ತದೆ, ಮತ್ತು ಮೇಲಿನ ಕವರಿಗೆ ಬಡಿಯುತ್ತದೆ. ರೈಸ್ ಮಾಡಿದಾಗ ಹೊಡೆತ ಒಂದೇ ಸಮನಾಗಿ ಚೈನು ಬಿಗಿಯಾಗಿಯೇ ಉಳಿಯುತ್ತದೆ. ಸದ್ದು ಯಾವಾಗ ನಿಲ್ಲುತ್ತದೆ ಎಂದು ಅವರು ಮೊದಲು ಕೇಳಿದ್ದರ ಅರ್ಥ ನನಗೆ ಇಲ್ಲಿ ಪೂರ್ತಿ ತಿಳಿಯಿತು.

ಡಬ್ಬದ ವಿಷಯಕ್ಕೆ ಈಗ ಬರುತ್ತೇನೆ, ಏಕೆಂದರೆ ಚೈನು ಬಿಚ್ಚುವ ಕೆಲಸಕ್ಕೂ ಡಬ್ಬಕ್ಕೂ ಸಂಬಂಧವಿತ್ತು. ಆ ವಾರದ ಸಂಜೆಗಳಲ್ಲಿ ನಾನು ಒಂದೊಂದೇ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪಂಚೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಬೇರಿಂಗುಗಳನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ, ಅವುಗಳ ಅಂಚಿನಲ್ಲೇ ಜಾತಕ ಬರೆದಿರುತ್ತದೆ. 6204 ಎಂದಿದ್ದರೆ ಮೊದಲಿನ 6 ಅದು ಒಂದೇ ಸಾಲಿನ ಗುಂಡುಗಳ ಬೇರಿಂಗ್ ಎಂದು ಹೇಳುತ್ತದೆ, ಕೊನೆಯ 04 ಅನ್ನು ಐದರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ 20 ಮಿಲಿಮೀಟರ್ ಎಂದು ತಿಳಿಯುತ್ತದೆ. 6205 ಆದರೆ 25 ಮಿಲಿಮೀಟರ್. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ ನಡೆಯುತ್ತದೆ, 03 ಇದ್ದರೆ 17, 02 ಇದ್ದರೆ 15 ಎಂದು ನೆನಪಿಡಬೇಕು. ಸಂಖ್ಯೆಯ ನಂತರ ಸಿ3 ಎಂದಿದ್ದರೆ ಒಳಗಿನ ಸಂದು ಸಾಮಾನ್ಯಕ್ಕಿಂತ ತುಸು ಹೆಚ್ಚು, ಬಿಸಿಯಾಗಿ ಹಿಗ್ಗುವ ಜಾಗಕ್ಕೆ ಮಾಡಿದ್ದು. ಅಂಥದ್ದನ್ನು ಕೈಯಲ್ಲಿ ಅಲ್ಲಾಡಿಸಿ, ಹೊಸದಾದರೂ ಸಡಿಲವಿದೆ ಎಂದು ಎಸೆಯಬಾರದು.

ಆಯಿಲ್ ಸೀಲುಗಳ ಮೇಲೆ 20 35 7 ಎಂಬಂತೆ ಮೂರು ಸಂಖ್ಯೆಗಳಿರುತ್ತವೆ, ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ. ಸೀಲಿನ ತುಟಿಯ ಹಿಂದೆ ಕೂದಲಿನಂತಹ ಸಣ್ಣ ಸ್ಪ್ರಿಂಗು ಬಳೆಯಂತೆ ಸುತ್ತಿರುತ್ತದೆ. ಅದು ಬೇರೆಯಾಗಿ ಬಿದ್ದಿದ್ದರೆ ಏನೆಂದು ಗೊತ್ತಾಗುವುದೇ ಕಷ್ಟ, ನಾನು ಮೂರು ದಿನ ಅದನ್ನು ಕಾರ್ಬುರೇಟರಿನ ಸ್ಪ್ರಿಂಗೆಂದೇ ತಿಳಿದಿದ್ದೆ. ಅರ್ಧಚಂದ್ರದ ಆಕಾರದ ಉಕ್ಕಿನ ಚೂರು ಶಾಫ್ಟಿನ ಮೇಲೆ ಚಕ್ರ ಜಾರದಂತೆ ಹಿಡಿಯುವ ವುಡ್ರಫ್ ಕೀ. ತಂತಿಯ ಅಪೂರ್ಣ ಬಳೆ ಗಜನ್ ಪಿನ್ನಿನ ಸರ್ಕ್ಲಿಪ್ಪು. ಇದನ್ನು ಎಂದೂ ಎರಡನೆಯ ಸಲ ಬಳಸಬೇಡಿ, ಚಿಮ್ಮಿ ಹೊರಬಂದರೆ ಸಿಲಿಂಡರಿನ ಗೋಡೆಯನ್ನು ಉದ್ದಕ್ಕೂ ಕೆತ್ತುತ್ತದೆ. ಕೆಲವು ಬೋಲ್ಟುಗಳು ಮಾತ್ರ ಯೆಜ್ಡಿಯ ಯಾವ ರಂಧ್ರಕ್ಕೂ ಕೂರಲಿಲ್ಲ. ಜಾವಾ ವಂಶದ ಗಾಡಿಗಳಿಗೆ ಮೆಟ್ರಿಕ್ ತಿರುಪು, ಹಳೆಯ ಬುಲೆಟ್ಟುಗಳಿಗೆ ಇಂಗ್ಲೆಂಡಿನ ಇಂಚಿನ ತಿರುಪು. ಎರಡು ಸುತ್ತು ಬೆರಳಿನಲ್ಲೇ ಹೋಗಿ ಆಮೇಲೆ ಬಿಗಿಯಾದರೆ ಸ್ಪ್ಯಾನರ್ ಹಾಕದೆ ತೆಗೆದುಬಿಡಬೇಕು.

ಕೊನೆಗೆ ಒಂದು ಸಾಮಾನು ಉಳಿಯಿತು. ಅಂಗೈ ಅಗಲದ, ಬೆರಳು ದಪ್ಪದ ಉಕ್ಕಿನ ತುಂಡು. ನಡುವೆ ತಿರುಪಿನ ರಂಧ್ರ, ಎರಡು ಬದಿಯಲ್ಲಿ ಕೊಕ್ಕೆಯಂತೆ ಒಳಕ್ಕೆ ಬಾಗಿದ ಕಾಲು. ಸಂಖ್ಯೆಯಿಲ್ಲ, ಕಂಪನಿಯ ಗುರುತಿಲ್ಲ. ಎಂಜಿನ್ನಿನ ಚಿತ್ರಪಟದಲ್ಲಿ ಎಲ್ಲಿ ಹುಡುಕಿದರೂ ಅದರ ಹೋಲಿಕೆಯದು ಸಿಗಲಿಲ್ಲ. ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. “ಹೊಳಪು ಎಲ್ಲಿದೆ ನೋಡಿ ಮೇಷ್ಟ್ರೇ. ಎಲ್ಲಿ ಹೊಳೀತದೋ ಅಲ್ಲಿ ಅದು ಇನ್ನೊಂದಕ್ಕೆ ತಾಗಿದೆ” ಎಂದರು. ಇಡೀ ತುಂಡು ಕಪ್ಪಾಗಿದ್ದರೂ ಕೊಕ್ಕೆಗಳ ಒಳತುದಿಯಲ್ಲಿ ಉಗುರಿನಷ್ಟು ಜಾಗ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಎರಡು ಹೊಳಪುಗಳ ನಡುವಿನ ಅಂತರ ಎಂಜಿನ್ ಸ್ಪ್ರಾಕೆಟ್ಟಿನ ಅಗಲಕ್ಕೆ ಸರಿಯಾಗಿತ್ತು. ಡಬ್ಬದಲ್ಲೇ ಬೇರೆಯಾಗಿ ಬಿದ್ದಿದ್ದ, ತುದಿ ಚೂಪಾಗಿ ಜಜ್ಜಿಹೋಗಿದ್ದ ಬೋಲ್ಟೊಂದನ್ನು ತೆಗೆದು ನಡುವಿನ ರಂಧ್ರಕ್ಕೆ ಬೆರಳಿನಿಂದ ತಿರುಗಿಸಿದರು, ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಯಿತು. ಅದು ಗಾಡಿಯ ಭಾಗವೇ ಆಗಿರಲಿಲ್ಲ. ಕ್ರ್ಯಾಂಕಿನ ಓರೆಯಾದ ತುದಿಯ ಮೇಲೆ ಕಚ್ಚಿಕೊಂಡ ಸ್ಪ್ರಾಕೆಟ್ಟನ್ನು ಎಳೆದು ತೆಗೆಯಲು ಮಾವ ತಾವೇ ಮಾಡಿಕೊಂಡಿದ್ದ ಪುಲ್ಲರು ಅದು. ಡಬ್ಬವನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ಎಂದು ಅತ್ತೆ ಹೇಳಿದ್ದು ನನಗೆ ಆಗ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಗೇರ್ ಆಯಿಲ್ ಇಳಿಸಿ ಎಡಗಡೆಯ ಕವರು ಬಿಚ್ಚಿದೆವು. ಇಳಿಸಿದ ಆಯಿಲ್ಲನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಬೂದು ಬಣ್ಣದ ನುಣುಪಾದ ಪುಡಿ ಉಳಿಯಿತು. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿದೆ. ಒಂದಿಷ್ಟು ಕಪ್ಪು ನಯಪುಡಿ ಅಂಟಿತು, ಬಹುಪಾಲು ಅಂಟಲಿಲ್ಲ. ಅಂಟದೆ ಉಳಿದದ್ದು ಅಲ್ಯೂಮಿನಿಯಂ, ಅದು ಕವರಿನದೇ ಇರಬೇಕು. ಕವರನ್ನು ತಿರುಗಿಸಿ ನೋಡಿದರೆ ಮೇಲ್ಭಾಗದ ಒಳಗೋಡೆಯಲ್ಲಿ ಹೆಬ್ಬೆರಳಿನ ಉದ್ದಕ್ಕೆ ಒಂದು ಗೀರು, ಅದರ ತಳ ಕನ್ನಡಿಯಂತೆ ಹೊಳೆಯುತ್ತಿತ್ತು. ಚೈನು ಅಲ್ಲಿ ಎಷ್ಟೋ ವರ್ಷಗಳಿಂದ ಬಡಿಯುತ್ತಿದ್ದಿರಬೇಕು.

ಹೊಸ ಚೈನು ಸಿಗಲು ಹನ್ನೊಂದು ದಿನ ಹಿಡಿಯಿತು, ಹಳೆಯ ಬಿಡಿಭಾಗ ಇಟ್ಟುಕೊಂಡಿದ್ದ ಅಂಗಡಿಯೊಂದರಲ್ಲಿ ಮೇಣದ ಕಾಗದ ಸುತ್ತಿದ್ದೊಂದು ಉಳಿದಿತ್ತು. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದೆವು. ಹಳೆಯದು ಹೊಸದಕ್ಕಿಂತ ನಾಲ್ಕು ಮಿಲಿಮೀಟರಿನಷ್ಟು ಕೆಳಗೆ ಇಳಿದಿತ್ತು. ಇದು ಬಿಚ್ಚುವ ಕೊಂಡಿಯಿಲ್ಲದ ಚೈನಾದ್ದರಿಂದ ಸ್ಪ್ರಾಕೆಟ್ಟನ್ನೂ ಕ್ಲಚ್ ಡ್ರಮ್ಮನ್ನೂ ಒಟ್ಟಿಗೇ ಹೊರತೆಗೆದು ಒಟ್ಟಿಗೇ ಕೂರಿಸಬೇಕು. ಪುಲ್ಲರಿನ ಬೋಲ್ಟನ್ನು ಬಿಗಿ ಮಾಡುತ್ತಾ ಹೋದೆ. ಒಂದು ಹಂತದಲ್ಲಿ ಯಜಮಾನರು ನಿಲ್ಲಿಸಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟರು. ಟಣ್ ಎಂದು ಸ್ಪ್ರಾಕೆಟ್ಟು ಸಡಿಲವಾಗಿ ಕೈಗೆ ಬಂತು. ಕ್ಲಚ್ ಪ್ಲೇಟುಗಳನ್ನು ತೊಳೆದು, ಅದೇ ಹೊತ್ತಿನಲ್ಲಿ ಆ ಕಡೆಯ ಆಯಿಲ್ ಸೀಲನ್ನೂ ಬದಲಾಯಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವ ಹೊತ್ತಿಗೆ ಸಂಜೆಯಾಗಿತ್ತು. ಒಟ್ಟು ಖರ್ಚು ಗ್ಯಾರೇಜಿನವರು ಹೇಳಿದ ಮೊತ್ತದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಸಿಲಿಂಡರನ್ನು ಯಾರೂ ಮುಟ್ಟಲಿಲ್ಲ.

ಈಗ ಗಾಡಿ ನ್ಯೂಟ್ರಲ್ಲಿನಲ್ಲಿ ನಿಂತಾಗ ತನ್ನ ಹಳೆಯ ತಪ್ಪು ತಾಳದಲ್ಲಿ ಹೊಡೆದುಕೊಳ್ಳುತ್ತದೆ, ಅಷ್ಟೇ. ಚೈನಿನ ಬಡಿತ ಹೋದ ಮೇಲೆ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ತೆಳುವಾದ ಸದ್ದು ನನಗೆ ಕೇಳಿಸತೊಡಗಿದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಮಾತ್ರ ಬರುತ್ತದೆ, ಎಳೆತದಲ್ಲಿ ಇಲ್ಲ, ತಣ್ಣಗಿದ್ದರೂ ಬಿಸಿಯಿದ್ದರೂ ವ್ಯತ್ಯಾಸವಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ದಿನಗಳ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಸ್ಮಾಲ್ ಎಂಡಿನ ಬುಷ್ ಇರಬೇಕೆಂದು ನನ್ನ ಊಹೆ. ಯಜಮಾನರು ಇನ್ನೂ ಒಂದು ವಾರ ಕೇಳಿ ಎಂದಿದ್ದಾರೆ.